ಚೌಡಯ್ಯ ಪಿಶಾಚಿಯ ಅವತಾರ ಎತ್ತಿದ್ದು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ತನ್ನಷ್ಟು ತಮಾಷೆಯ ಮನುಷ್ಯ ಇನ್ನೊಬ್ಬನಿಲ್ಲ ಎಂಬುದು ಚೌಡಯ್ಯನ ಗಟ್ಟಿ ನಂಬಿಕೆ. ಅವನು ಬಾಯಿ ತೆರೆದರೆ ಕಾಫಿ ಹೋಟೆಲಿನ ಬೆಂಚೇ ಅಲ್ಲಾಡುತ್ತಿತ್ತು. (ಅದರ ಒಂದು ಕಾಲು ಗಿಡ್ಡ ಎನ್ನುವುದೂ ನಿಜ.) ಆದರೆ ಮದುವೆಯಾಗಿ ಹದಿನೆಂಟು ವರ್ಷವಾದರೂ ಹೆಂಡತಿ ರುದ್ರಾಣಿ ಅವನ ಒಂದೇ ಒಂದು ಮಾತಿಗೆ ನಕ್ಕಿರಲಿಲ್ಲ. ದೇವರು ಅವಳಿಗೆ ನಗುವ ನರವನ್ನೇ ಇಟ್ಟಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಅವನು ಸಮಾಧಾನಪಟ್ಟಿದ್ದ.

ಅರವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಟೂರಿಂಗ್ ಟಾಕೀಸಿನ ಟೆಂಟಿಗೆ ರಕ್ತ ಹೀರುವ ಪಿಶಾಚಿಯ ಪಿಕ್ಚರೊಂದು ಬಂತು. ಎಲ್ಲೋ ದೊರೆಗಳ ದೇಶದ ಹಳೆಯ ಕಪ್ಪುಬಿಳುಪು ಸರಕು, ಮಾತು ಮಾತ್ರ ತಮಿಳು. ಕರಿಕೋಟಿನ, ಕೋರೆಹಲ್ಲಿನ ಆ ಪಿಶಾಚಿ ಪೆಟ್ಟಿಗೆಯಿಂದ ಎದ್ದು ಹೆಂಗಸರ ಕತ್ತಿಗೆ ಬಾಯಿ ಹಾಕಲು ಹೊರಡುತ್ತದೆ, ಹೋದಲ್ಲೆಲ್ಲ ಎಡವಟ್ಟು ಮಾಡಿಕೊಳ್ಳುತ್ತದೆ. ಚೌಡಯ್ಯ ಗಂಡಸರ ಕಡೆಯ ಮರಳಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ತಡಿಕೆಯ ಆಚೆ ಹೆಂಗಸರ ಕಡೆಯಲ್ಲಿ ಯಾರೋ ನಗತೊಡಗಿದರು. ಎಂಥ ನಗು! ಉಸಿರು ಕಟ್ಟಿ, ನೆಲ ಬಡಿದು, ಕೆಮ್ಮಿ, ಮತ್ತೆ ನಕ್ಕರು.

“ಯಾವನ ಎಂಡ್ತಿಯಪ್ಪಾ ಇವ್ಳು, ನಾಚ್ಕೆಗೆಟ್ಟೋಳು!” ಎಂದು ಪಕ್ಕದವನಿಗೆ ಹೇಳಿ ಚೌಡಯ್ಯ ತಡಿಕೆಯ ಸಂದಿಯಲ್ಲಿ ಇಣುಕಿದ. ರುದ್ರಾಣಿ!

ಅವನ ಹೊಟ್ಟೆಗೆ ಬೆಂಕಿ ಬಿತ್ತು. ಬದುಕಿರುವ ಗಂಡಸಿಗೆ ನಕ್ಕಿದ್ದರೆ ಕುಲದ ಯಜಮಾನರನ್ನು ಸೇರಿಸಿ ನ್ಯಾಯ ಕೇಳಬಹುದಿತ್ತು. ಸತ್ತು ಮುನ್ನೂರು ವರ್ಷವಾದವನ ಮೇಲೆ ಯಾರಿಗೆ ದೂರು ಕೊಡುವುದು? ಸಾಲದ್ದಕ್ಕೆ ಅವಳು ಪಕ್ಕದ ಮನೆಯ ದೇವೀರಮ್ಮನನ್ನು ಜೊತೆ ಮಾಡಿಕೊಂಡು ಅದೇ ಪಿಕ್ಚರಿಗೆ ಎರಡನೆಯ ಸಲ ಹೋದಳು. ಮೂರನೆಯ ಸಲ ಹೊರಟಾಗ ಅವನಿಗೆ ತಡೆಯಲಾಗಲಿಲ್ಲ.

“ಅದ್ರಲ್ಲಿ ಅಂತಾದ್ದೇನದೆ ಕಣಮ್ಮಿ?”

“ಚೆಂದಾಗದೆ.”

“ಏನು ಚೆಂದ? ಆ ಕ್ವಾರೆಹಲ್ಲಾ?”

“ಎಲ್ಲಾನೂವೆ. ಉಂಡಾಯ್ತಾ? ತಟ್ಟೆ ಕೊಡಿ ಇತ್ತಗೆ. ದೇವೀರಮ್ಮ ಕಾಯ್ತಾವ್ಳೆ.”

ಅಂದಿನಿಂದ ಚೌಡಯ್ಯನಿಗೆ ಅನ್ನ ರುಚಿಸಲಿಲ್ಲ. ತನ್ನನ್ನು ನೋಡಿ ಅವಳು ಒಂದೇ ಒಂದು ಸಲ ಹಾಗೆ ನಗಬೇಕು, ಅಷ್ಟೇ ಸಾಕು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದಾಗ ಅವನಿಗೆ ಜ್ಞಾನೋದಯವಾಯಿತು. ಪಿಶಾಚಿಗೆ ಪೆಟ್ಟಿಗೆ ಇದ್ದರೆ ತನಗೆ ಗುಂಡಿ ಇದೆಯಲ್ಲ!

ಅಮಾವಾಸ್ಯೆಯ ದಿನ ನೇಕಾರರ ಮನೆಯಲ್ಲಿ ಮಗ್ಗ ಆಡುವುದಿಲ್ಲ, ಗಂಡಸರಿಗೆ ರಜೆ. (ಹೆಂಗಸರಿಗೆ ರಜೆ ಕೊಡುವ ಅಮಾವಾಸ್ಯೆ ಪಂಚಾಂಗದಲ್ಲಿ ಇನ್ನೂ ಹುಟ್ಟಿಲ್ಲ. ರುದ್ರಾಣಿಗೆ ಅದು ಹಿತ್ತಲ ಒಲೆಯ ಮೇಲೆ ಬಾನಿ ಇಟ್ಟು ರೇಷ್ಮೆಗೆ ಬಣ್ಣ ಕಟ್ಟುವ ದಿನ.) ಮಧ್ಯಾಹ್ನ ಅವಳು ನೀರು ಸೇದಲು ಹೋದದ್ದೇ ತಡ, ಚೌಡಯ್ಯ ಕರಿ ಕಂಬಳಿ ಹೊದ್ದ. ಕೊಬ್ಬರಿ ಚೂರು ಕೆತ್ತಿ ಎರಡು ಕೋರೆಹಲ್ಲು ಸಿಕ್ಕಿಸಿಕೊಂಡ. ಅವಳು ಕಲಸಿಟ್ಟಿದ್ದ ಕೆಂಪು ಬಣ್ಣವನ್ನು ಬಾಯಿ, ಗಲ್ಲ, ಗದ್ದಕ್ಕೆಲ್ಲ ಧಾರಾಳವಾಗಿ ಬಳಿದುಕೊಂಡು ಗುಂಡಿಯಲ್ಲಿ ಕುಕ್ಕರಿಸಿದ.

ರುದ್ರಾಣಿ ಕೊಡ ಹೊತ್ತು ಒಳಗೆ ಬಂದಳು. ಹಿಂದೆ ದೇವೀರಮ್ಮ. “ಹೂಂಊಂ!” ಎಂದು ಗರ್ಜಿಸಿ ಎದ್ದವನ ನೆತ್ತಿ ಮಗ್ಗದ ಮರಕ್ಕೆ ಠಪ್ಪೆಂದು ಬಡಿಯಿತು. ಒಂದು ಕೋರೆಹಲ್ಲು ಗಂಟಲಿಗಿಳಿಯಿತು. ದೇವೀರಮ್ಮ “ಶಿವನೇ!” ಎಂದು ಕಿರುಚಿದಳು. ರುದ್ರಾಣಿ ಕೊಡ ಇಳಿಸಿ ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಅದು ದಾರೆ ಸೀರೆಗೆ ಕಲ್ಸಿದ್ದ ಬಣ್ಣ ಕಣ್ರಿ.”

“ನಗು ಬರ್ನಿಲ್ವಾ?” ಎಂದ ಚೌಡಯ್ಯ, ಉಳಿದ ಹಲ್ಲನ್ನು ಕೈಯಲ್ಲಿ ಹಿಡಿದು.

“ಬಂದಿದ್ರೆ ನಗ್ತಿದ್ನಲ್ಲ.”

ಮುಖ ತೊಳೆದ. ಬಣ್ಣ ಹೋಗಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದ, ಚರ್ಮ ಹೋಯಿತೇ ಹೊರತು ಬಣ್ಣ ಅಲ್ಲೇ ನಿಂತಿತು. ರುದ್ರಾಣಿ ಒಲೆಯ ಮುಂದಿನಿಂದಲೇ, “ಉಣ್ಸೆಹುಳಿ ಕಿವುಚಿ ಬಿಸ್ನೀರ್ನಲ್ಲಿ ತಿಕ್ಕಳಿ” ಎಂದಳು. ಹುಣಸೆಹುಳಿಗೆ ಹಿತ್ತಾಳೆಯೇ ಬೆಳಗುವಾಗ ತನ್ನ ಮೂತಿ ಯಾವ ಲೆಕ್ಕ ಎಂದುಕೊಂಡ ಚೌಡಯ್ಯ ತಂಬಿಗೆ ತುಂಬ ಹುಳಿ ಕಿವುಚಿ, ಸುಡುಸುಡು ನೀರಿನಲ್ಲಿ ಕಣ್ಣೀರು ಬರುವತನಕ ತಿಕ್ಕಿದ. ಕನ್ನಡಿ ನೋಡಿಕೊಂಡರೆ ಮುಖ ಮೊದಲಿಗಿಂತ ಕೆಂಪಗೆ, ಹೊಸ ಸೀರೆಯ ಸೆರಗಿನಂತೆ ಫಳಫಳ ಹೊಳೆಯುತ್ತಿತ್ತು.

“ಅಯ್ಯೋ ಚೌಡಣ್ಣ,” ಎಂದಳು ದೇವೀರಮ್ಮ, ಬಾಯಿಗೆ ಸೆರಗು ಒತ್ತಿಕೊಂಡು. “ರೇಸ್ಮೆಗೆ ಬಣ್ಣ ಕಚ್ಚಲಿ ಅಂತ ಬಾನಿಗೆ ಹಾಕೋದೇ ಹುಳಿ ಅಲ್ವಾ! ನೇಕಾರ ಆಗಿ ಇದೂ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ನೇಯುವುದು ಗಂಡಸಿನ ಕಸುಬು, ಮಿಕ್ಕಿದ್ದೆಲ್ಲ ಹೆಂಗಸರ ಚಿಲ್ಲರೆ ಕೆಲಸ ಎಂದೇ ಅವನು ತಿಳಿದಿದ್ದ. ಹದಿನೆಂಟು ವರ್ಷದಲ್ಲಿ ಆ ಬಾನಿಯೊಳಗೆ ಏನು ಬೀಳುತ್ತದೆಂದು ಒಂದು ದಿನವೂ ಬಗ್ಗಿ ನೋಡಿದವನಲ್ಲ.

ಆಗ ರುದ್ರಾಣಿ ನಕ್ಕಳು. ತಡಿಕೆಯ ಆಚೆ ಕೇಳಿದ್ದ ಅದೇ ನಗು, ಗೋಡೆ ಹಿಡಿದು, ಕೂತು, ನೆಲ ಬಡಿದು. ಬೇಕೆಂದು ಹಂಬಲಿಸಿದ್ದು ಕೊನೆಗೂ ಸಿಕ್ಕಿತು. ಚೌಡಯ್ಯನಿಗೆ ಅಳು ಬಂತು.

“ಆ ಪಿಸಾಚೀಲಿ ಏನ್ ಕಂಡೆ ಅಂತನಾದ್ರೂ ಏಳಮ್ಮಿ!”

ರುದ್ರಾಣಿ ಕಣ್ಣು ಒರೆಸಿಕೊಂಡಳು. “ಅವ್ನು ಬಾಗ್ಲಲ್ಲಿ ನಿಂತ್ಕಂಡು ‘ಒಳೀಕೆ ಬರ್ಲಾ’ ಅಂತ ಕೇಳ್ತಾನೆ. ‘ಬಾ’ ಅನ್ನಗಂಟ ಹೊಸ್ಲು ದಾಟಕಿಲ್ಲ. ಆ ಎಣ್ಣು ಬೇಕಂತ್ಲೇ ಕಾಯಿಸ್ತಾಳೆ. ಸೌದೆ ಒಡಿ ಅಂತಾಳೆ, ಒಡೀತಾನೆ. ನೀರು ತಕಂಬಾ ಅಂತಾಳೆ, ತತ್ತಾನೆ. ಒಂದು ತೊಟ್ಟು ರಕ್ತಕ್ಕೆ ಅಷ್ಟು ಗೇಮೆ! ಈ ಮನೇಲಿ ಗೇಮೆನೂ ನಂದೇ, ರಕ್ತಾನೂ ನಂದೇ.”

ದೇವೀರಮ್ಮನ ನಗು ನಿಂತಿತು. ಚೌಡಯ್ಯ ಮೆಲ್ಲಗೆ ಕೇಳಿದ: “ಈ ಬಣ್ಣ ಓಗಕ್ಕೆ ಏನ್ ಮಾಡ್ಬೇಕು?”

“ಒಲೆ ಬೂದಿ ಎತ್ತಿ, ಬಾನಿ ತೊಳ್ದಿಡಿ. ಪಿಕ್ಚರ್ ಬುಟ್ಮೇಲೆ ಬಂದು ಏಳ್ತೀನಿ.”

ಹೊತ್ತು ಇಳಿಯುತ್ತಲೇ ಅವಳು ಸೀರೆ ಬದಲಿಸಿ ದೇವೀರಮ್ಮನೊಡನೆ ಹೊರಟುಹೋದಳು. ಬೀದಿಯ ತಿರುವಿನ ತನಕ ಇಬ್ಬರ ಮಾತೂ ಕೇಳಿಸುತ್ತಿತ್ತು. ಚೌಡಯ್ಯ ಹಿತ್ತಲಿಗೆ ಹೋಗಿ ಮೊರದ ತುಂಬ ಬೂದಿ ಬಾಚಿ ಎತ್ತಿಕೊಂಡು ನಿಂತ. ಅದನ್ನು ಎಲ್ಲಿ ಸುರಿಯುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ.