ಸದ್ದಿಲ್ಲದ ಮೂರು ಫ್ಯಾನುಗಳು

"ಇನ್ನು ಮೂರೇ ವಾರ! ಈ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಕೇಳಿಸಬೇಕು, ಹಾಗೆ ಮಾಡಿ ತೋರಿಸದಿದ್ದರೆ ನಾನು ಗುರುಪ್ರಸಾದನೇ ಅಲ್ಲ!" ಎಂದು ಊಟದ ಮೇಜು ಕುಟ್ಟಿ ಘೋಷಿಸಿದೆ. ಸಾರಿನ ಬಟ್ಟಲು ಅಲುಗಾಡಿತು.

"ಈ ದೇಶದಲ್ಲಿ ಹಲ್ಲಿ ಎಲ್ಲಿದೆ ರೀ? ಮೊದ್ಲು ಚೆಲ್ಲಿರೋ ಸಾರು ಒರೆಸಿ" ಎಂದಳು ಹೆಂಡತಿ ಪ್ರತಿಭಾ.

ಮಹಾಪುರುಷರ ಪ್ರತಿಜ್ಞೆಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ. ಒರೆಸಿದೆ.

ನನ್ನ ಯುದ್ಧ ಯಾರ ಮೇಲೆ ಎಂದು ಹೇಳಿಬಿಡುತ್ತೇನೆ. ಪರದೇಶದ ಈ ಟೋಟೆಮ್ ಲೇಕ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆಯೇ ನನ್ನ ಆಫೀಸು. ಅಲ್ಲಿ ನಾನೇ ಕೈಯಾರೆ ಜೋಡಿಸಿದ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಅದರ ಡಬ್ಬದೊಳಗೆ ಗಾಳಿಯಾಡಿಸಲು ಮೂರು ಫ್ಯಾನು. ಏಳು ವರ್ಷ ದುಡಿದು ಮುದಿಯಾದ ಆ ಮೂರೂ ಸೇರಿ ಮೆಣಸಿನಪುಡಿ ಮಿಲ್ಲಿನ ಸದ್ದು ಹೊರಡಿಸುತ್ತಿದ್ದವು. ಮೀಟಿಂಗಿನಲ್ಲಿ ಸಹೋದ್ಯೋಗಿ ರವಿಕಿರಣ "ಗುರು, ಏರ್‌ಪೋರ್ಟಿಂದ ಮಾತಾಡ್ತಿದೀರಾ?" ಎಂದು ಕೇಳದ ದಿನವಿಲ್ಲ. ಸದ್ದು ಅಳಿಸುವ ಸೆಟ್ಟಿಂಗ್ ಹಾಕಿ ನೋಡಿದೆ. ಸದ್ದಿನ ಜೊತೆ ನನ್ನ ಮಾತೂ ಅರ್ಧ ಅಳಿಸಿಹೋಯಿತು. ಬೇರೆ ಯಾರೂ ಆಕ್ಷೇಪಿಸಲಿಲ್ಲ, ನನಗೆ ಮಾತ್ರ ಸಹಿಸಲಾಗಲಿಲ್ಲ!

ಕೊನೆಗೆ ಮ್ಯಾನೇಜರ್ ಚಂದ್ರಶೇಖರ್ ಫೋನ್ ಮಾಡಿದರು. ಮೈಸೂರಿನವರು, ಬೈಯುವುದನ್ನೂ ಬಹಳ ಮೆತ್ತಗೆ ಬೈಯುತ್ತಾರೆ.

"ಗುರು, ಮುಂದಿನ ತಿಂಗಳು ಮೊದಲನೇ ಗುರುವಾರ ಡೆಮೊ ಇದೆ. ಮೇಲಿನವರೆಲ್ಲ ಬರ್ತಾರೆ. ಅವತ್ತೂ ಈ ಮಿಲ್ಲು ಓಡಿದ್ರೆ ಸೋಮವಾರದಿಂದ ವಾರಕ್ಕೈದು ದಿನ ನೀವು ಆಫೀಸಿಗೇ ಬರಬೇಕಾಗುತ್ತೆ."

ವಾರಕ್ಕೈದು ದಿನ! ಬೆಳಿಗ್ಗೆ ಹೈವೇ ಮೇಲೆ ಒಂದು ಗಂಟೆ, ಸಂಜೆ ಒಂದೂವರೆ ಗಂಟೆ, ನಡುವೆ ಡಬ್ಬಿಯ ತಣ್ಣನೆ ಚಿತ್ರಾನ್ನ. ಅದೂ ಯಾವಾಗ? ತಿಪಟೂರಿನಿಂದ ಅಮ್ಮ ಬಂದು, ದಿನಾ ಹನ್ನೆರಡೂವರೆಗೆ ಬಿಸಿಬಿಸಿ ಅಕ್ಕಿ ರೊಟ್ಟಿ ತಟ್ಟಿ ಕೊಡುತ್ತಿರುವಾಗ!

ಪ್ರತಿಭಾ ಎವರೆಟ್ ಊರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ವಿಮಾನದೊಳಗೆ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಎಂದು ಲೆಕ್ಕ ಹಾಕುವುದೇ ಅವಳ ಕೆಲಸ.

"ಧೂಳು ಒರೆಸಿ, ಸ್ಪೀಡು ಸ್ವಲ್ಪ ಇಳಿಸಿ. ಹೊಸ ಫ್ಯಾನೇ ಬೇಕಿಲ್ಲ" ಎಂದಳು.

"ವಿಮಾನ ಬೇರೆ, ಕಂಪ್ಯೂಟರ್ ಬೇರೆ ಕಣೇ" ಎಂದು ನಾನು ಅನುಕಂಪದಿಂದ ನಕ್ಕೆ.

ಸಂಶೋಧನೆ ಆರಂಭವಾಯಿತು. ಮೊಬೈಲಿಗೆ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಸುತ್ತಿದೆ. ಕುಕ್ಕರಿನ ಸೀಟಿ ಎಂಬತ್ತು ಡೆಸಿಬೆಲ್. ಒಗ್ಗರಣೆ ಅರವತ್ತೆರಡು. ಮಧ್ಯಾಹ್ನ ಸೋಫಾ ಮೇಲೆ ಒರಗಿದ ಅಮ್ಮನ ಗೊರಕೆ ನಲವತ್ತೊಂದು. ನನ್ನ ಗುರಿ ಇಪ್ಪತ್ತು! ಜಗತ್ತಿನಲ್ಲಿ ಸಿಗುವ ಐವತ್ತಾರು ಬಗೆಯ ಫ್ಯಾನುಗಳ ಪಟ್ಟಿ ಮಾಡಿದೆ. ಅಗಲ ಎಷ್ಟು, ರೆಕ್ಕೆ ಎಷ್ಟು, ಬೇರಿಂಗ್ ಯಾವುದು, ಎಷ್ಟು ವರ್ಷ ಬಾಳುತ್ತದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ಹೆಚ್ಚು ಗಾಳಿ ಕೊಡುತ್ತದೆ, ಚಿಕ್ಕದು ಹಾರಾಡುತ್ತದೆ ಎಂಬ ಮಹಾಸತ್ಯವನ್ನು ಕಂಡುಕೊಂಡು ಸಿಕ್ಕವರಿಗೆಲ್ಲ ಬೋಧಿಸಿದೆ.

ಪಕ್ಕದೂರು ಲಿನ್‌ವುಡ್‌ನ ಗೆಳೆಯ ಚನ್ನವೀರನಿಗೂ ಫೋನಿನಲ್ಲಿ ಮುಕ್ಕಾಲು ಗಂಟೆ ಬೋಧಿಸಿದೆ. ಬಾಗಲಕೋಟೆ ಕಡೆಯವನು, ಮುಚ್ಚುಮರೆಯಿಲ್ಲದ ಮನುಷ್ಯ.

"ಏನ್ರೀ ಗುರುಪ್ರಸಾದ, ನೀವು ಫ್ಯಾನ್ ತೊಗೊಳ್ಳಾಕತ್ತೀರೋ, ಮಗಳಿಗೆ ವರ ನೋಡಾಕತ್ತೀರೋ?" ಎಂದ. "ಎತ್ತರ ಕೇಳಿದ್ರಿ, ಸ್ವಭಾವ ಕೇಳಿದ್ರಿ, ಆಯುಷ್ಯ ಕೇಳಿದ್ರಿ. ಗೋತ್ರ ಒಂದ ಉಳದೈತಿ ನೋಡ್ರಿ!"

ಅಂತೂ ಮೂರು ವರಗಳು ಗೊತ್ತಾದವು. ಮಿತಭಾಷಿಗಳು, ಅಗಲವಾದ ಮೈಕಟ್ಟು. ಬಣ್ಣಬಣ್ಣದ ದೀಪವಿರುವವು ಬೇಡವೇ ಬೇಡವೆಂದೆ. ಗಂಭೀರವಾದ ಕಂಪ್ಯೂಟರು ಆರ್ಕೆಸ್ಟ್ರಾ ವೇದಿಕೆಯಂತೆ ಮಿನುಗಬಾರದು ಎಂಬುದು ನನ್ನ ನಿಲುವು.

ಡೆಮೊ ಇರುವ ವಾರದ ಸೋಮವಾರ ಬೆಳಿಗ್ಗೆಯೇ, ಪ್ರತಿಭಾ ಕೆಲಸಕ್ಕೆ ಹೊರಡುವ ಮೊದಲು, ಡಬ್ಬ ಬಿಚ್ಚಿದೆ. ಒಳಗೆ ಹಾಸಿಗೆ ತುಂಬುವಷ್ಟು ಧೂಳು! ಅಮ್ಮ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಳು.

"ಅಯ್ಯೋ ಗುರು, ಏನೋ ಇದು! ನಮ್ಮನೇಲಿ ಮಿಕ್ಸಿಗೆ ಕವರ್ರು, ಟಿವಿಗೆ ಕವರ್ರು, ಟಿವಿ ರಿಮೋಟಿಗೂ ಕವರ್ರು. ಇಷ್ಟು ಬೆಲೆಬಾಳೋ ಸಾಮಾನಿಗೆ ಒಂದು ಬಟ್ಟೆ ಬೇಡ್ವೇನೋ? ನಾನೊಂದು..."

ನಾನು ಆಗ ಪ್ರತಿಭಾಳಿಗೆ ರಬ್ಬರ್ ವಾಷರಿನ ಮಹತ್ವ ವಿವರಿಸುತ್ತಿದ್ದೆ. ಮಾತು ನಿಲ್ಲಿಸದೆ "ಆಯ್ತಮ್ಮ, ಆಯ್ತಮ್ಮ" ಎಂದೆ. ಯಾವುದಕ್ಕೆ ಆಯ್ತು ಎಂದೆನೋ ನನಗೇ ಗೊತ್ತಿರಲಿಲ್ಲ.

ಹೊಸ ಫ್ಯಾನು ಕೂರಿಸಿ ಸ್ವಿಚ್ ಒತ್ತಿದೆ. ಆಹಾ! ಏನೂ ಕೇಳಿಸಲಿಲ್ಲ. ಮನೆಮಂದಿಯನ್ನು ಕರೆದೆ.

"ಕೇಳಿಸ್ಕೊಳ್ಳಿ!"

"ಏನನ್ನ?" ಎಂದಳು ಪ್ರತಿಭಾ.

"ಅದೇ!"

"ಆನ್ ಮಾಡಪ್ಪ, ನೋಡೋಣ" ಎಂದಳು ಅಮ್ಮ.

"ಆನ್ ಆಗಿದೆಯಮ್ಮ!"

"ತಮಾಷೆ ಸಾಕು ಕಣೋ, ರೊಟ್ಟಿ ಆರ್ತಿದೆ" ಎಂದು ಅಮ್ಮ ಹೊರಟೇಹೋದಳು. ಅವಳು ಒಂದಿಷ್ಟೂ ನಂಬಲಿಲ್ಲ. ಅದಕ್ಕಿಂತ ದೊಡ್ಡ ಪ್ರಶಸ್ತಿ ಉಂಟೇ? ಹಿಗ್ಗಿಹೋದ ನಾನು, ಇರುವ ಒಂದಿಷ್ಟು ಸದ್ದೂ ಅಡಗಲೆಂದು ಡಬ್ಬವನ್ನು ಮೇಜಿನ ಕೆಳಗೆ ಕತ್ತಲ ಮೂಲೆಗೆ ತಳ್ಳಿದೆ.

ಗುರುವಾರ ಬಂತು. ಹತ್ತು ಗಂಟೆಗೆ ಡೆಮೊ. ಒಂಬತ್ತೂಮುಕ್ಕಾಲಿಗೆ ಸ್ಕ್ರೀನ್ ಲಾಕ್ ಮಾಡಿ ಕಾಫಿ ಬೆರೆಸಿಕೊಳ್ಳಲು ಹೋದೆ. ಬಂದು ಕುಳಿತೆ, ಕಾಲರ್ ಸರಿಮಾಡಿಕೊಂಡೆ, ಶುರು ಮಾಡಿದೆ. ನಲವತ್ತೆರಡು ಸ್ಲೈಡು! ಮೊದಲ ಒಂಬತ್ತು ಬರೀ ಪೀಠಿಕೆ. ಹಿನ್ನೆಲೆಯಲ್ಲಿ ಕಿರ್ರೆನ್ನುವ ಸದ್ದಿಲ್ಲ, ಗುರ್ರೆನ್ನುವ ಸದ್ದಿಲ್ಲ. ನನ್ನ ಕಂಠವೊಂದೇ! ಹತ್ತು ನಿಮಿಷ ನಾನು ಸ್ವರ್ಗದಲ್ಲಿದ್ದೆ.

ಹನ್ನೊಂದನೇ ನಿಮಿಷಕ್ಕೆ ಕಾಲಬುಡದಲ್ಲಿ ಏನೋ ನಿಟ್ಟುಸಿರು ಬಿಟ್ಟಂತಾಯಿತು. ಹದಿಮೂರಕ್ಕೆ ಅದು ಗೊರಗೊರ ಎಂದಿತು. ಹದಿನೈದಕ್ಕೆ ನನ್ನ ಮೂವರು ಮಿತಭಾಷಿಗಳೂ ಒಟ್ಟಿಗೆ ಬೊಬ್ಬೆ ಹೊಡೆಯತೊಡಗಿದರು. ಹಳೇ ಮಿಲ್ಲು ಇದರ ಮುಂದೆ ಜೋಗುಳ! ನಾನೂ ಬಿಡಲಿಲ್ಲ, ದನಿ ಏರಿಸಿದೆ. ಫ್ಯಾನುಗಳೂ ಏರಿಸಿದವು. ಹತ್ತೊಂಬತ್ತನೇ ನಿಮಿಷಕ್ಕೆ, ಪೀಠಿಕೆಯ ಎಂಟನೇ ಸ್ಲೈಡಿನಲ್ಲಿ, ಟಪ್! ಸ್ಕ್ರೀನು ಕಪ್ಪಾಯಿತು, ಎಲ್ಲ ಸ್ತಬ್ಧ. ಕಂಪ್ಯೂಟರು ಬಿಸಿ ತಾಳಲಾರದೆ ತಾನೇ ಆರಿಹೋಗಿತ್ತು.

ಗೋಡೆಯ ಪ್ಲಗ್ ಕಿತ್ತು ಮತ್ತೆ ಚುಚ್ಚಿದರೆ ಅದು ಎದ್ದು, ಒಂದು ನಿಮಿಷಕ್ಕೆ ಮತ್ತೆ ಟಪ್. ಬೆವರಿದೆ. ಎವರೆಟ್‌ಗೆ ಫೋನ್ ಮಾಡಿದೆ.

"ಮೋಸ ಪ್ರತಿಭಾ, ಮಹಾ ಮೋಸ! ಮೂರೂ ಕಳಪೆ ಫ್ಯಾನು! ಕಂಪನಿ ಮೇಲೆ ಕೇಸು ಹಾಕ್ತೀನಿ!"

"ಕೇಸು ಆಮೇಲೆ ಹಾಕೋರಂತೆ. ಗಾಳಿ ಒಳಗೆ ಹೋಗೋ ಕಡೆ ಏನಾದ್ರೂ ಅಡ್ಡ ಇದೆಯಾ ನೋಡಿ."

"ಏನೂ ಇಲ್ಲ!"

"ಬಗ್ಗಿ ನೋಡಿದ್ರಾ?"

"ನೋಡೋದೇನು, ನಾನೇ ಇಟ್ಟಿರೋದು!"

"ಬಗ್ಗಿ ನೋಡಿ, ರೀ."

ಬಗ್ಗಿದೆ. ಮೇಜಿನ ಕೆಳಗೆ ನನ್ನ ಕಂಪ್ಯೂಟರು ಇರಲಿಲ್ಲ. ಅದರ ಜಾಗದಲ್ಲಿ ಹಸಿರು ವಾಯಿಲ್ ಸೀರೆ ಉಟ್ಟ ಏನೋ ಒಂದು ನಿಂತಿತ್ತು. ಮುಂಭಾಗಕ್ಕೆ ಸರಿಯಾಗಿ ಜರಿ ಅಂಚು. ಒಳಗೆ ಎರಡು ಪದರ ಅಸ್ತರು. ಕೆಳಗೆ ಬಿಗಿಯಾಗಿ ಎಲಾಸ್ಟಿಕ್. ಹಿಂಭಾಗದಲ್ಲಿ ವೈರುಗಳು ಹೊರಬರಲು ಅಷ್ಟೇ ಜಾಗ ಬಿಟ್ಟು ಸಾಲಾಗಿ ಟಿಚ್ ಬಟನ್. ಇಷ್ಟು ಅಚ್ಚುಕಟ್ಟಾಗಿ ನನ್ನ ಮದುವೆ ಸೂಟನ್ನೂ ಯಾರೂ ಹೊಲಿದಿರಲಿಲ್ಲ.

"ಅಮ್ಮಾ!"

ಅಮ್ಮ ಸೌಟು ಹಿಡಿದುಕೊಂಡೇ ಬಂದಳು. ಮುಖದಲ್ಲಿ ಹೆಮ್ಮೆ. "ಚೆನ್ನಾಗಿದ್ಯಾ? ಚನ್ನವೀರನ ಮನೆಯಿಂದ ಹೊಲಿಗೆ ಮಿಷಿನ್ನು ತರಿಸ್ಕೊಂಡು ಮೂರು ದಿನ ಕೂತು ಹೊಲಿದೆ ಕಣೋ. ನೀನು ಕಾಫಿಗೆ ಎದ್ದಾಗ ಹಾಕ್ದೆ."

"ಓಡ್ತಿರೋ ಕಂಪ್ಯೂಟರಿಗಾ ಅಮ್ಮ?"

"ಎಲ್ಲಿ ಓಡ್ತಿತ್ತು? ಸದ್ದಿಲ್ಲ, ಒಂದು ದೀಪ ಇಲ್ಲ, ನಿನ್ನ ಮೇಜಿನ ಮೇಲಿನ ಟಿವಿನೂ ಕಪ್ಪಗಿತ್ತು. ಆರಿಸಿದೀಯ ಅಂದ್ಕೊಂಡೆ. ಮೊದ್ಲಾದ್ರೆ ಮಿಲ್ಲಿನ ಸದ್ದು ಬರೋದು, ನಾನು ಈ ಕಡೆ ತಲೆನೂ ಹಾಕ್ತಿರ್ಲಿಲ್ಲ." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ನೀನೇ ಆಯ್ತಮ್ಮ ಅಂದ್ಯಲ್ಲೋ, ಎರಡು ಸಲ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ನೀಟಾದ ಹೊಲಿಗೆಯ ಮೇಲೆ ಕೈಯಾಡಿಸಿದೆ. "ಚೆನ್ನಾಗಿದೆಯಮ್ಮ" ಎಂದೆ. ಫೋನಿನೊಳಗೆ ಪ್ರತಿಭಾ ನಗು ತಡೆಯುವ ಪ್ರಯತ್ನವನ್ನೇ ಕೈಬಿಟ್ಟಿದ್ದಳು.

ಸೀರೆ ಬಿಚ್ಚಿ, ಕಂಪ್ಯೂಟರು ತಣ್ಣಗಾಗಿ, ಮತ್ತೆ ಎದ್ದು ಕೂರುವ ಹೊತ್ತಿಗೆ ಡೆಮೊ ಮುಗಿದೇಹೋಗಿತ್ತು. ಹಿಂದೆಯೇ ಚಂದ್ರಶೇಖರರ ಫೋನು ಬಂತು. ನಾನು ಅಮ್ಮ, ಅಸ್ತರು, ಟಿಚ್ ಬಟನ್ ಸಮೇತ ಎಲ್ಲವನ್ನೂ ಒಪ್ಪಿಸಿ, ಅವರು ಹೇಳುವ ಮೊದಲು ನಾನೇ ಹೇಳಿದೆ: "ಸೋಮವಾರದಿಂದ ಆಫೀಸಿಗೆ ಬರ್ತೀನಿ. ಐದು ದಿನಾನೂ."

"ಛೇ ಛೇ, ಬೇಡ. ನೀವು ಮನೆಯಿಂದ್ಲೇ ಮಾಡಿ ಗುರು."

"ಹೌದಾ! ಹಾಗಾದ್ರೆ ಡೆಮೊ?"

"ನೀವು ಆಫ್ ಆದ್ಮೇಲೆ ರವಿಕಿರಣ ತಗೊಂಡ್ರು. ಎಂಟು ನಿಮಿಷದಲ್ಲಿ ಮುಗಿಸಿದ್ರು. ಈ ವರ್ಷ ಇಂಥ ಚೊಕ್ಕ ಡೆಮೊ ನೋಡೇ ಇಲ್ಲ ಅಂದ್ರು ಮೇಲಿನವರು."

ಆ ಕಡೆ ಅವರು ಗಂಟಲು ಸರಿಮಾಡಿಕೊಂಡರು.

"ಮುಂದಿನ ಡೆಮೊ ಹದಿನೆಂಟನೇ ತಾರೀಖು" ಎಂದರು, ಎಂದಿಗಿಂತ ಮೆತ್ತಗೆ. "ನಿಮ್ಮ ತಾಯಿ ಅಲ್ಲೀವರೆಗೂ ಇಲ್ಲೇ ಇರ್ತಾರೆ, ಅಲ್ವಾ?"