ಎರಡನೇ ಸ್ಕ್ರೀನಿನ ಕೆಂಪು ಚುಕ್ಕೆ

ಮರ್ಯಾದೆ ಕಳೆಯಲು ಬೇರೆಯವರಿಗೆ ವೈರಿಗಳು ಬೇಕಾಗುತ್ತಾರೆ. ನನಗೆ ಅವರ ಹಂಗಿಲ್ಲ, ತಿಂಗಳಿಗೊಮ್ಮೆಯಾದರೂ ನಾನೇ ಕಳೆದುಕೊಂಡು ಬರುತ್ತೇನೆ. ಈ ಸಲದ ದಸರೆಯ ಆಸುಪಾಸಿನಲ್ಲಂತೂ ಹದಿನೈದು ದಿನದೊಳಗೆ ಮೂರು ಸಲ ಕಳೆದುಕೊಂಡೆ, ಮೂರೂ ಸಲ ಒಂದೇ ಮಾನಿಟರಿನಿಂದ.

ನಾನು ಲಕಮನಹಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೋಡ್ ಬರೆಯುವವನು. ವಾರದಲ್ಲಿ ಮೂರು ದಿನ ಮಾಳಮಡ್ಡಿಯ ಮನೆಯಿಂದಲೇ ಕೆಲಸ. ಎಲ್ಲರಿಗೂ ಎರಡೆರಡು ಸ್ಕ್ರೀನ್ ಕೊಡಿಸಬೇಕೆಂದು ನಮ್ಮ ಮ್ಯಾನೇಜರಿಗೆ ಮನಸ್ಸಾಯಿತು. ಹುಬ್ಬಳ್ಳಿ ಕೇಶ್ವಾಪುರದ ಅಂಗಡಿಯೊಂದರಿಂದ ಒಂದನ್ನು ತರಿಸಿ ನನ್ನ ಕೈಗಿಟ್ಟು, "ಮನ್ಯಾಗ ಹದಿನೈದು ದಿನ ಹಚ್ಚಿ ನೋಡ್ರಿ. ನೀವು ಛಲೋ ಅಂದ್ರ ಇಪ್ಪತ್ತೂ ಅಲ್ಲೇ ತಗೊಳ್ಳೋಣು" ಎಂದರು.

ಅಂಗಡಿಯವರು ಅರವತ್ತು ದಾಟಿದವರು. ರವಿವಾರ ಬಾಗಿಲು ಹಾಕಿ ಚರ್ಚಿಗೆ ಹೋಗುವ ನೇಮದ ಮನುಷ್ಯ. ಜನ ಎಲ್ಲವನ್ನೂ ಫೋನಿನಲ್ಲೇ ತರಿಸಲು ಕಲಿತ ಮೇಲೆ ಅವರ ಗಿರಾಕಿಗಳು ಕಡಿಮೆಯಾಗಿದ್ದರು. ಈ ಇಪ್ಪತ್ತು ಅವರಿಗೆ ಎಷ್ಟು ಬೇಕಾಗಿತ್ತೆಂಬುದು ನನಗೆ ಗೊತ್ತಿತ್ತು. ಅದು ನನ್ನ ಒಂದು ಮಾತಿನ ಮೇಲೆ ನಿಂತಿದೆ ಎನ್ನುವುದೂ ಗೊತ್ತಿತ್ತು, ಅದಕ್ಕೇ ಸ್ವಲ್ಪ ಸೊಕ್ಕು ತಲೆಗೇರಿತ್ತು.

೧. ಮಬ್ಬು

ಹಚ್ಚಿದ ದಿನವೇ ಸ್ಕ್ರೀನ್ ಮಬ್ಬಾಗಿ ಕಂಡಿತು. ಬೆಳಕು ಏರಿಸಿದೆ, ಇಳಿಸಿದೆ, ಕನ್ನಡಕ ಒರೆಸಿಕೊಂಡೆ. ಕೊನೆಗೆ ಅಂಗಡಿಗೆ ಫೋನ್ ಹಚ್ಚಿದೆ.

"ಎಂಥಾ ಮಾಲು ಕೊಟ್ಟೀರ್ರಿ? ಏನೂ ನೆಟ್ಟಗ ಕಾಣವಲ್ದು."

"ತಪ್ಪು ತಿಳೀಬ್ಯಾಡ್ರಿ ಸರ್. ಮ್ಯಾಲಿನ ಪ್ಲಾಸ್ಟಿಕ್ ಹಾಳಿ ತಗದೀರೇನ್ರಿ?"

"ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ? ತಗದೇನಿ."

ಫೋನ್ ಇಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂಲೆಯಲ್ಲಿ ಉಗುರು ಹಾಕಿದೆ. ಸರ್ರನೆ ಹಾಳೆ ಎದ್ದು ಬಂತು. ಆಗಲೇ ಫೋನ್ ಮಾಡಿ ಹೇಳಬಹುದಿತ್ತು, ಹೇಳಲಿಲ್ಲ. ಮರುದಿನ ಅವರೇ ಫೋನ್ ಮಾಡಿ, "ಈಗ ಹೆಂಗೈತ್ರಿ ಸರ್?" ಎಂದರು.

"ಸೆಟ್ಟಿಂಗ್ ಬದಲಿ ಮಾಡಿದೆ. ಸರಿ ಆತು."

"ಭಾಳ ಛಲೋ ಆತ್ರಿ. ಆ ಹಾಳಿ ಮಾತ್ರ ಒಗೀಬ್ಯಾಡ್ರಿ. ಮಕ್ಕಳ ಪುಸ್ತಕಕ್ಕ ಹಾಕಾಕ ಬರ್ತೈತಿ" ಎಂದರು.

೨. ಎಡ ಬಲ

ಹೊಸ ಸ್ಕ್ರೀನನ್ನು ಮೇಜಿನ ಎಡಕ್ಕೆ ಇಟ್ಟಿದ್ದೆ. ಮೌಸಿನ ಬಾಣವನ್ನು ಎಡಕ್ಕೆ ಒಯ್ದರೆ ಅದು ಅಂಚಿನಲ್ಲೇ ನಿಂತುಬಿಡುತ್ತಿತ್ತು. ಬಲಕ್ಕೆ ಒಯ್ದರೆ ಎಡಗಡೆಯ ಸ್ಕ್ರೀನಿನಲ್ಲಿ ಹೋಗಿ ಏಳುತ್ತಿತ್ತು. ಎರಡನೆಯದು ಯಾವ ಬದಿಗಿದೆ ಎಂದು ಕಂಪ್ಯೂಟರಿಗೆ ನಾವೇ ಹೇಳಬೇಕು, ಹೇಳದಿದ್ದರೆ ಅದು ಬಲಕ್ಕಿದೆ ಎಂದುಕೊಳ್ಳುತ್ತದೆ. ಹದಿನೈದು ವರ್ಷ ಕೋಡ್ ಬರೆದವನಿಗೆ ಇದು ಹೊಳೆಯಲಿಲ್ಲ. ಕುತ್ತಿಗೆ ಎಡಕ್ಕೆ, ಕೈ ಬಲಕ್ಕೆ ಮಾಡಿಕೊಂಡು ಎಂಟು ದಿನ ದುಡಿದೆ. ರಾತ್ರಿ ಕುತ್ತಿಗೆಗೆ ಎಣ್ಣೆ ಬೇರೆ.

ನನ್ನ ಹೆಂಡತಿ ಸಾಲಿಯಲ್ಲಿ ಗಣಿತ ಕಲಿಸುವವಳು. ಚಹಾ ಕೊಡಲು ಬಂದವಳು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಎಡಕ್ಕ ಹೋಗಾಕ ಬಲಕ್ಕ ಯಾಕ ಓಡಸ್ತೀರಿ?"

"ಮಾಲು ಹಂಗೈತಿ. ಕೇಶ್ವಾಪುರದವ್ರು ಕೆಟ್ಟ ಪೀಸ್ ಕೊಟ್ಟಾರ. ಮ್ಯಾನೇಜರಿಗೆ ಹೇಳ್ತೇನಿ."

ಅವಳು ಕಪ್ಪು ಕೆಳಗಿಟ್ಟಳು. ಎಡಗಡೆಯ ಮಾನಿಟರನ್ನು ಎರಡೂ ಕೈಯಿಂದ ಎತ್ತಿ ತಂದು ಬಲಗಡೆ ಇಟ್ಟಳು.

"ಈಗ ಓಡಸ್ರಿ. ಮಾಲು ಸುಧಾರಿಸೈತೇನು ನೋಡೋಣು."

೩. ಚುಕ್ಕೆ

ನಮ್ಮ ಕೆಲಸದಲ್ಲಿ ತಪ್ಪು ಹುಡುಕುವಾಗ, ಪ್ರೋಗ್ರಾಮ್ ಎಲ್ಲಿ ನಿಲ್ಲಬೇಕೋ ಆ ಸಾಲಿನ ಎಡ ಅಂಚಿಗೆ ಒಂದು ಕೆಂಪು ಚುಕ್ಕೆ ಇಡುತ್ತೇವೆ. ಮೌಸ್ ಒತ್ತಿದರೆ ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಹೋಗುತ್ತದೆ.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿದು ಮತ್ತೆ ಕೆಲಸಕ್ಕೆ ಕೂತ ಮುಂಜಾನೆ ಹೊಸ ಸ್ಕ್ರೀನಿನಲ್ಲಿ ನಾನು ಇಡದ ಒಂದು ಚುಕ್ಕೆ ಕಂಡಿತು. ಒತ್ತಿದೆ, ಪಕ್ಕದಲ್ಲಿ ಇನ್ನೊಂದು ಹುಟ್ಟಿತು. ಮತ್ತೆ ಒತ್ತಿದೆ, ಹುಟ್ಟಿದ್ದು ಹೋಯಿತು, ಮೊದಲಿನದು ಹೋಗಲಿಲ್ಲ. ಆ ಸಾಲನ್ನೇ ಅಳಿಸಿದೆ. ಫೈಲನ್ನೇ ಮುಚ್ಚಿದೆ. ಚುಕ್ಕೆ ಅಲ್ಲೇ ಇತ್ತು. ಅಂದ ಮೇಲೆ ಇದು ಕೋಡಿನದಲ್ಲ, ಸ್ಕ್ರೀನೇ ಸುಟ್ಟಿದೆ.

ಖರೇ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಎರಡು ಸಲ ತಪ್ಪು ನನ್ನದಾಗಿತ್ತು, ಈ ಸಲ ಅವರದು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಕೂಡಲೇ ಮ್ಯಾನೇಜರಿಗೆ ಫೋನ್ ಮಾಡಿ, "ಸ್ಕ್ರೀನ್ ಸುಟ್ಟೈತ್ರಿ. ಅಲ್ಲಿ ಆರ್ಡರ್ ಕೊಡಬ್ಯಾಡ್ರಿ" ಎಂದೆ. ಅವರು, "ಹಂಗಾದ್ರ ಬ್ಯಾರೇ ಕಡೆ ನೋಡ್ತೇನಿ" ಎಂದರು.

ವೈರು ಕಿತ್ತು ಮಾನಿಟರನ್ನು ಚಾದರದಲ್ಲಿ ಸುತ್ತುತ್ತಿದ್ದಾಗ ಅವ್ವ ಬಂದಳು. "ಪೂಜಿ ಮಾಡಿದ ಸಾಮಾನು ಹೊರಗ ಒಯ್ಯಬ್ಯಾಡೋ" ಎಂದಳು. "ನಿನಗ ತಿಳಿಯಂಗಿಲ್ಲ, ಸುಮ್ಕಿರವ್ವ" ಎಂದು ಹೊರಟೆ. ಬಸ್ಸಿನಲ್ಲಿ ಹುಬ್ಬಳ್ಳಿಯವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು, ಏನೇನು ಬೈಯಬೇಕೆಂದು ಜೋಡಿಸಿಕೊಂಡೆ.

ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಅದೂ ಒಳ್ಳೆಯದೇ ಎನಿಸಿತು. ಚಾದರ ಬಿಚ್ಚಿ ಮಾನಿಟರನ್ನು ಕೌಂಟರಿನ ಮೇಲೆ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ನೋಡ್ರಿ, ಹನ್ನೆರಡು ದಿನದಾಗ ಸುಟ್ಟ ಮಾಲು. ಕೆಂಪು ಚುಕ್ಕಿ ಹೆಂಗ ಉರಿಯಾಕತ್ತೈತಿ ನೋಡ್ರಿ."

ಅಂಗಡಿಯವರು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ಸರ್, ಇನ್ನೂ ವೈರ್ ಹಚ್ಚಿಲ್ರಿ" ಎಂದರು.

ಅವರು ತೋರುಬೆರಳನ್ನು ಚುಕ್ಕೆಯ ಮೇಲೆ ಒತ್ತಿ ಎಳೆದರು. ಸ್ಕ್ರೀನ್ ಸ್ವಚ್ಛವಾಯಿತು, ಬೆರಳು ಕೆಂಪಾಯಿತು. ಆ ಬೆರಳನ್ನು ನನ್ನ ಮುಂದೆ ಹಿಡಿದು, "ಇದು ನಮ್ಮ ಅಂಗಡಿ ಮಾಲು ಅಲ್ರಿ ಸರ್. ನಿಮ್ಮ ಮನಿ ದೇವರದ್ದು" ಎಂದರು.

ಹೋದ ವರ್ಷ ಅವ್ವ ನನ್ನ ಲ್ಯಾಪ್‌ಟಾಪಿಗೆ ಮೂರು ಬೆರಳು ವಿಭೂತಿ ಎಳೆದು ಕುಂಕುಮ ಇಟ್ಟಿದ್ದಳು. ನಾನು ಮನೆ ಹಾರುವಂತೆ ಕೂಗಾಡಿದ್ದೆ. ಈ ವರ್ಷ ನನಗೆ ಹೆದರಿ, ಕಾಣಬಾರದೆಂದು ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಇಟ್ಟಿದ್ದಾಳೆ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಅಂಗಡಿಯವರು ಆರ್ಡರಿನ ಮಾತೆತ್ತಲಿಲ್ಲ. ಒಂದು ಬಟ್ಟೆ ತಂದು, ಬಸ್ಸಿನಲ್ಲಿ ನನ್ನ ಕೈಯ ಗುರುತು ಮೂಡಿದ್ದ ಕಡೆಯನ್ನೆಲ್ಲ ಒರೆಸತೊಡಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲರೆದುರು ಆಡಿದ್ದನ್ನು ಎಲ್ಲರೆದುರೇ ತಿನ್ನಬೇಕೆಂದು ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದೆ.

"ಸರ್, ಇಪ್ಪತ್ತೂ ಕೇಶ್ವಾಪುರದಾಗ ತಗೋರಿ. ಮಾಲು ಛಲೋ ಐತಿ."

"ಮುಂಜಾನೆ ಸುಟ್ಟೈತಿ ಅಂದ್ರೆಲಾ?" ಅವರ ದನಿ ದೊಡ್ಡದು, ಅಂಗಡಿಗೆಲ್ಲ ಕೇಳಿತು.

"ಈಗ ಸರಿ ಆತ್ರಿ."

"ಇಷ್ಟ್ ಲಗೂ? ಅಂಥಾದ್ದೇನ್ ಮಾಡಿದ್ರು ಅವ್ರು?"

ಮೊದಲಾದರೆ ಸೆಟ್ಟಿಂಗ್ ಬದಲಿಸಿದೆ ಎನ್ನುತ್ತಿದ್ದೆ. ಗಿರಾಕಿಗಳು ತಮ್ಮ ಚೌಕಾಸಿ ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಂಗಡಿಯವರು ಮರ್ಯಾದಸ್ಥರು, ಗೋಡೆಯ ಕಡೆ ತಿರುಗಿ ನಿಂತಿದ್ದರು, ಹೆಗಲು ಮಾತ್ರ ಕುಣಿಯುತ್ತಿತ್ತು.

"ಬೆರಳಿಲೆ ಒರಸಿದ್ರು, ಸರ್" ಎಂದೆ.