ರಂಗೋಲಿಯೊಳಗಿನ ಕೆಂಪು ಅಂಕಿ

ನನಗೆ ಹಟ ಜಾಸ್ತಿ. ಇದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಬೇರೆಯವರು ಹೇಳಿದರೆ ಮಾತ್ರ ಸಿಟ್ಟು ಬರುತ್ತದೆ. ನಮ್ಮ ಯಜಮಾನರಿಗೆ ಉಬ್ಬಸ. ಗಾಳಿ ಕೆಟ್ಟ ದಿನ ವಾಕಿಂಗ್ ಹೋದರೆ ಸಂಜೆಯ ತನಕ ಅವರ ಎದೆ ಸಿಳ್ಳೆ ಹಾಕುತ್ತದೆ. ಬಳ್ಳಾರಿಯ ಗಾಳಿ ಇವತ್ತು ಎಷ್ಟು ಕೆಟ್ಟಿದೆ ಎಂದು ಅಂಕಿಯಲ್ಲಿ ತೋರಿಸಲು ಸರ್ಕಲ್ಲಿನಲ್ಲಿ ಬೋರ್ಡೊಂದಿದೆ. ಆದರೆ ಅದರ ಮುಂದೆ ಸದಾ ಯಾರದಾದರೂ ಹುಟ್ಟುಹಬ್ಬದ ಫ್ಲೆಕ್ಸ್. ಅವರು ಕೈಮುಗಿದು ನಗುತ್ತಾರೆ, ಅಂಕಿ ಅವರ ಬೆನ್ನ ಹಿಂದೆ ಅಡಗಿರುತ್ತದೆ. ಮೊಬೈಲಿನಲ್ಲೂ ಸಿಗುತ್ತದೆ, ಇಂಗ್ಲಿಷಿನಲ್ಲಿ. ಕನ್ನಡಕ ಹುಡುಕಿ ಅದನ್ನು ಓದುವ ಬದಲು ನಮ್ಮ ಯಜಮಾನರು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರೆ.

ಬಾಗಿಲು ದಾಟುವವರಿಗೆ ಬಾಗಿಲಲ್ಲೇ ಹೇಳಬೇಕು ಎಂದು ರಂಗೋಲಿಯ ನಡುವೆ ಅಂದಿನ ಅಂಕಿ ಬರೆಯತೊಡಗಿದೆ. ಗಾಳಿ ಚೆನ್ನಾಗಿದ್ದರೆ ಹಸಿರು ಪುಡಿ, ಕೆಟ್ಟರೆ ಕೆಂಪು. ನಮ್ಮ ಅತ್ತೆ ಬದುಕಿದ್ದರೆ ಲಕ್ಷ್ಮಿಯ ಪಾದ ಬಿಡಿಸುವ ಜಾಗದಲ್ಲಿ ಇದೇನು ಹುಚ್ಚಾಟ ಎಂದು ನನ್ನನ್ನೇ ಗುಡಿಸಿ ಹಾಕುತ್ತಿದ್ದರು. ಆದರೆ ವಾರದೊಳಗೆ ಗಾಂಧಿನಗರದ ನಮ್ಮ ಬೀದಿಯೆಲ್ಲ ಬಂದು ಓದಿ ಹೋಗತೊಡಗಿತು. ಕೆಂಪು ಕಂಡರೆ ಹಾಲಿನವನು ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಾನೆ. ನಾನು ಸ್ವಲ್ಪ ಉಬ್ಬಿದ್ದೂ ನಿಜ.

ಮೊನ್ನೆ ಪಕ್ಕದ ಮನೆಯ ಕಾಳಿನ ವ್ಯಾಪಾರಿ ವೀರಭದ್ರಪ್ಪನವರು ಓಡಿಬಂದರು. ಅಂದು ಕಡುಗೆಂಪು.

"ಅಕ್ಕಾರ, ಇವತ್ತೊಂದಿನ ಅಳಿಸಿಬಿಡ್ರಿ. ಮಗಳನ್ನ ನೋಡಾಕ ಸಿರುಗುಪ್ಪದಿಂದ ಬರಾಕತ್ತಾರ."

"ನೀವು ಹುಡುಗೀನ ತೋರಸ್ರಿ ಅಣ್ಣಾರ, ಗಾಳೀನ ನಾ ತೋರಸ್ತೀನಿ."

"ಬಣ್ಣನಾದ್ರೂ ಹಸಿರು ಹಾಕ್ರಿ!"

"ನಿಮ್ಮ ಅಂಗಡ್ಯಾಗ ಹುಳ ಬಿದ್ದ ಕಡ್ಲಿಗೆ ಹಸಿರು ಹಚ್ಚಿ ಮಾರ್ತೀರೇನು?"

ಅವರು ಮುಖ ಗಂಟಿಕ್ಕಿಕೊಂಡು ಹೋದರು. ಸಂಬಂಧ ತಪ್ಪಿದರೆ ಪಾಪ ನನಗೇ ಅಂಟುತ್ತದೆ ಎಂಬ ಅಳುಕು ನನಗೂ ಇತ್ತು. ಅಳಿಸಲಿಲ್ಲ. ಗಂಡಿನ ತಾಯಿ ಕಾರಿನಿಂದಿಳಿದವರೇ ನೇರ ನಮ್ಮ ರಂಗೋಲಿಯ ಮುಂದೆ ನಿಂತು ಇದೇನೆಂದು ವಿಚಾರಿಸಿದರು. ಹೇಳಿದೆ.

"ನಮ್ಮೂರಿನದು ಎಷ್ಟೈತಿ ನೋಡ್ರಿ. ಭತ್ತ ಕೊಯ್ದ ಮ್ಯಾಲ ಹುಲ್ಲಿಗೆ ಬೆಂಕಿ ಇಡ್ತಾರ, ಕಣ್ಣು ಬಿಡಾಕ ಆಗಂಗಿಲ್ಲ."

ನನ್ನ ಫೋನಿನಲ್ಲಿ ಸಿರುಗುಪ್ಪ ಸಿಗಲಿಲ್ಲ. ಅದರ ಪಕ್ಕದ ಕುರುಗೋಡೂ ಸಿಗಲಿಲ್ಲ. ಅಲ್ಲೆಲ್ಲ ಗಾಳಿ ಅಳೆಯುವ ಯಂತ್ರವೇ ಇಲ್ಲ ಎಂದೆ.

"ಯಾಕ, ನಮ್ಮ ಎದೀಗೆ ಲೆಕ್ಕ ಇಲ್ಲೇನ್ರಿ?" ಎಂದು ನನ್ನನ್ನೇ ಗದರಿಸಿ, ಎದುರುಗೊಳ್ಳಲು ಬಂದಿದ್ದ ವೀರಭದ್ರಪ್ಪನವರ ಕಡೆ ತಿರುಗಿದರು. "ನಿಮ್ಮ ಮಗಳಿಗೂ ಇದನ್ನ ಕಲಿಸಿ ಕಳಸ್ರಿ. ಊರಾಗ ಕೇಳೋರು ಒಬ್ರಾದ್ರೂ ಬೇಕು."

ಗೆದ್ದ ಖುಷಿಗೆ, ಬೀಗರಿಗೆ ನಮ್ಮ ಮನೆಯಲ್ಲೇ ಮಂಡಕ್ಕಿ ಒಗ್ಗರಣೆ ಎಂದು ಅಲ್ಲೇ ಸಾರಿ, ಒಳಗೆ ಬಂದು ಕಾದೆಣ್ಣೆಗೆ ಮುಷ್ಟಿ ಮೆಣಸಿನಕಾಯಿ ಸುರಿದೆ. ಘಾಟು ಮನೆ ತುಂಬಿತು. ಕೆಂಪು ದಿನವೆಂದು ನಾನು ಬೆಳಗಿನಿಂದ ಹೊರಗೆ ಬಿಡದೆ ಕೂರಿಸಿದ್ದ ಯಜಮಾನರು ಕೆಮ್ಮಿ ಕೆಮ್ಮಿ ಗೋಡೆ ಹಿಡಿದರು. ಉಸಿರು ತಿರುಗಿದ ಮೇಲೆ ಕೆಂಪು ಪುಡಿಯ ಡಬ್ಬಿ ತಂದು ಅಡುಗೆಮನೆಯ ಹೊಸ್ತಿಲಿಗೆ ದೊಡ್ಡದೊಂದು ಅಂಕಿ ಬರೆದರು.

ಬೀಗರು ಬರುವ ಹೊತ್ತು. ನನ್ನ ಕೈ ತಾನಾಗಿಯೇ ಒರೆಸುವ ಬಟ್ಟೆಗೆ ಹೋಯಿತು. ನಾಚಿಕೆಯಾಗಿ ಬಿಟ್ಟೆ. ಕಿಟಕಿಯನ್ನಾದರೂ ತೆಗೆಯೋಣವೆಂದರೆ, ಹೊರಗೆ ಕೆಂಪು ಎಂದು ಬರೆದವಳೂ ನಾನೇ.